ನಾರ್ದರ್‌ನ ಎಡಗೈ

ಸೆಪ್ಟೆಂಬರ್ 6, ಶನಿವಾರ. ಫ್ರಿಸ್ಕೋ

ಆಸ್ಟಿನ್‌ನಿಂದ ಬಂದ ಇಮೇಲನ್ನು ಮೂರು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಇಸವಿಯೊಂದು ತಪ್ಪಾಗಿದ್ದದ್ದು ಕಣ್ಣಿಗೆ ಬಿದ್ದು ಊಟ ಸೇರಿತು.

ಬರೆದವಳು ನಿಶಿತಾ ಡಿಸೋಜಾ. ಮಂಗಳೂರಿನವಳು, ಆಸ್ಟಿನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ನವೆಂಬರಿನಲ್ಲಿ ಅವರ ಗ್ರಂಥಾಲಯದಲ್ಲಿ ನಡೆಯುವ ‘ಬ್ಲೂ ನಾರ್ದರ್’ ಪ್ರದರ್ಶನಕ್ಕೆ ಸಹಾಯಕಿ. ನಾರ್ದರ್ ಬಗ್ಗೆ ಪಾಠ ಹೇಳಿದ್ದಾಳೆ. ನನಗೆ! ಚಳಿಗಾಲದಲ್ಲಿ ಉತ್ತರದಿಂದ ಬಂದೆರಗುವ ಟೆಕ್ಸಾಸಿನ ಶೀತಗಾಳಿಯ ಹೆಸರಿಟ್ಟುಕೊಂಡ ಆ ನೀಲಿ ಕೇಪಿನ ಕಾಮಿಕ್ಸ್ ವೀರ 1949ರಲ್ಲಿ ಡಲ್ಲಾಸಿನ ಕಾಟನ್‌ವುಡ್ ಪ್ರಕಾಶನದ ಮಾಳಿಗೆಯಲ್ಲಿ ಹುಟ್ಟಿದ, 1958ರಲ್ಲಿ ಸತ್ತ, ನಡುವೆ ನೂರಾ ಎರಡು ಸಂಚಿಕೆ. ಯಾವುದರ ಪಿನ್ನು ಎಲ್ಲಿ ತುಕ್ಕು ಹಿಡಿದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅವನ ಬಗ್ಗೆ ಇರುವ ಒಂದೇ ಒಂದು ಕೈಪಿಡಿ ಬರೆದವನು ನಾನು. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಆವೃತ್ತಿ.

ಅವಳ ವಾದ ಇಷ್ಟು. 1953ರಲ್ಲಿ ನಾರ್ದರ್ ಇದ್ದಕ್ಕಿದ್ದಂತೆ ಬದಲಾದ. ಅಡ್ಡಡ್ಡ ಹಾರಾಡುತ್ತಿದ್ದವನು ಓದುಗರಿಗೆ ಎದುರುಮುಖವಾಗಿ ನಿಂತ, ಕೇಪು ನೆರಿಗೆ ನೆರಿಗೆಯಾಗಿ ನೆಲಕ್ಕಿಳಿಯಿತು, ಖಳರು ಮೂಲೆಗೆ ಸರಿದರು. ಮಾರಾಟ ಏರಿತು. ಕಾಟನ್‌ವುಡ್‌ನ ಉಳಿದ ಹೀರೋಗಳೂ ಹಾಗೆಯೇ ನಿಲ್ಲತೊಡಗಿದರು, ಬೇರೆ ಎರಡು ಪ್ರಕಾಶನದವರು ಕದ್ದೂ ಬಿಟ್ಟರು. ಇಷ್ಟರವರೆಗೆ ಸರಿ, ನನ್ನ ಕೈಪಿಡಿಯಿಂದಲೇ ಎತ್ತಿದ್ದು. ಮೊದಲಿನಿಂದಲೂ ನಾರ್ದರ್ ಬರೆಯುತ್ತಿದ್ದ ಚಿತ್ರಕಾರನ ಹೆಸರಿಗೆ ಹಾಕಿ ಕೈಪಿಡಿ ಇದನ್ನು ‘ವೇಡ್ ಹಾಲ್‌ಬ್ರುಕ್ ಅವರ ಎರಡನೆಯ ಶೈಲಿ’ ಎನ್ನುತ್ತದೆ. ಈಕೆ ಹೇಳುತ್ತಾಳೆ, ಅದು ಹಾಲ್‌ಬ್ರುಕ್ ಅಲ್ಲವೇ ಅಲ್ಲವಂತೆ. 1952ರ ಕೊನೆಗೆ ಗದಗಿನಿಂದ ಬಂದಿಳಿದ ಅಣ್ಣಾಸಾಹೇಬ ಎಂಬವನಂತೆ.

ಗದಗು! ನಾನೂ ಅದೇ ಗದಗಿನವನು. ಉರಿ ಹತ್ತಿದ್ದು ಅಲ್ಲೇ. ಈ ಡಲ್ಲಾಸ್ ಕಡೆಯ ಹಳೇ ಕಾಮಿಕ್ಸ್ ವ್ಯಾಪಾರಿಗಳ ನಡುವೆ ‘ಆ ಇಂಡಿಯನ್’ ಆಗಿದ್ದವನು ಬರಿಯ ‘ಶ್ರೀ’ ಆಗುವುದಕ್ಕೆ ಮೂವತ್ತೊಂದು ವರ್ಷ ಹಿಡಿದಿದೆ. ಈಗ ಇಂಡಿಯನ್ನನೊಬ್ಬ ಇಂಡಿಯನ್ನನನ್ನು ಪತ್ತೆ ಹಚ್ಚಿದ ಎಂದರೆ ಮೇಜಿನ ಸುತ್ತ ನಗೆ ಏಳುತ್ತದೆ. ವಿಮಾನ ನಮ್ಮದು, ಅಣುಬಾಂಬು ನಮ್ಮದು ಎಂದು ವಾಟ್ಸಾಪಿನಲ್ಲಿ ಕಳಿಸುವವರ ಸಾಲಿಗೆ ನನ್ನನ್ನೂ ನೂಕಬೇಕೆ?

ಪ್ರದರ್ಶನಕ್ಕೆ ಹಾಲ್‌ಬ್ರುಕ್‌ನ ಮಗಳು ಮಾರ್ಗರೆಟ್ ಹೂಸ್ಟನ್ನಿನಿಂದ ನಲವತ್ತು ಮೂಲಚಿತ್ರಗಳನ್ನು ಕೊಡುತ್ತಿದ್ದಾಳೆ. ಅವು ಯಾರ ಕೈಯವು ಎಂಬ ದೃಢೀಕರಣ ಪತ್ರ ನನ್ನದು. ನಾನು ಸಹಿ ಹಾಕಿದ ಹೆಸರೇ ಗೋಡೆಯ ಮೇಲೆ ಬರುವುದು. ‘ಸಹಿ ಮಾಡುವ ಮೊದಲು ಒಮ್ಮೆ ಅಣ್ಣಾಸಾಹೇಬನ ಪತ್ರಗಳನ್ನು ನೋಡಿ’ ಎಂದು ಅವಳ ಕೋರಿಕೆ. ಕೊನೆಗೆ ‘ಥ್ಯಾಂಕ್ಯೂ ಅಂಕಲ್’.

ಪಿಎಚ್‌ಡಿ ಮಾಡುವವಳು. ಅಂಕಲ್ ಅಂತೆ.

ಸೆಪ್ಟೆಂಬರ್ 7, ಭಾನುವಾರ

ಉತ್ತರ ಬರೆದೆ, ನಯವಾಗಿಯೇ. ‘ನಿಮ್ಮ ಉತ್ಸಾಹ ಮೆಚ್ಚತಕ್ಕದ್ದು’ ಎಂದು ಶುರು ಮಾಡಿದೆ. ಇದಕ್ಕಿಂತ ಕೆಟ್ಟ ಬೈಗುಳ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ 13, ಶನಿವಾರ. ಆಸ್ಟಿನ್

ಎದುರಿಗೇ ಮುಗಿಸಿ ಬರೋಣ ಎಂದು ಹೊರಟೆ. ಮೂವತ್ತೈದನೇ ಹೆದ್ದಾರಿಯನ್ನು ಎಂದಿನಂತೆ ಅಗೆದು ಹಾಕಿದ್ದರು, ನಾಲ್ಕೂವರೆ ಗಂಟೆ. ತಲುಪಿದಾಗ ನನ್ನ ಮನಃಸ್ಥಿತಿ ಕೆಲಸಕ್ಕೆ ತಕ್ಕಂತೆಯೇ ಇತ್ತು.

ಹುಡುಗಿ ಗಿಡ್ಡ, ಕನ್ನಡಕ, ಮಾತು ಮೆತ್ತಗೆ. ಇಂಥವರೇ ಅಪಾಯ.

“ಅಂಕಲ್, ಕೂತ್ಕೊಳ್ಳಿ. ಕಾಫಿ ಉಂಟು.”

“ನನ್ನ ಹೆಸರು ಶ್ರೀಪತಿ.”

“ಗೊತ್ತುಂಟು ಅಂಕಲ್.”

ಮೇಜಿನ ಮೇಲೆ ಹನ್ನೊಂದು ಪತ್ರಗಳ ಜೆರಾಕ್ಸ್. ಅವಳ ಹಳೆಯ ರೂಮ್‌ಮೇಟ್‌ನ ಮುತ್ತಜ್ಜಿಯ ಟ್ರಂಕಿನಲ್ಲಿ ಸಿಕ್ಕವಂತೆ. ಆ ಮುತ್ತಜ್ಜಿಯ ತಮ್ಮ ಈ ಅಣ್ಣಾಸಾಹೇಬ. ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದವನು. ಕಂಪನಿ ಮುಳುಗಿದ ಮೇಲೆ ಹತ್ತಿ ವ್ಯಾಪಾರಿಯ ಹತ್ತಿರ ಸೇರಿ, ಹತ್ತಿಯ ದರ್ಜೆ ಗುರುತಿಸುವುದನ್ನು ಕಲಿಯಲು ಡಲ್ಲಾಸಿಗೆ ಬಂದ. ಒಂದು ಪತ್ರವನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ. ಮುಂದೆ ಅಲ್ಲಗಳೆಯುವಾಗ ಬೇಕಾಗುತ್ತದೆ.

‘ಅಕ್ಕಾ, ಹಗಲೆಲ್ಲಾ ಹತ್ತಿ ನೋಡೂದು, ಸಂಜೀಮುಂದ ಚಿತ್ರ ಬರಿಯೂದು ನಡದೈತಿ. ನಾರ್ದರ್ ಅಂತ ಗಾಳಿ ಹೆಸರಿನವ ಒಬ್ಬ ವೀರ ಇದ್ದಾನು. ಇವರು ಅವನ್ನ ಮಂಗ್ಯಾನಂಗ ಹಾರಸ್ತಿದ್ರು. ನಾನು ನಮ್ಮ ಕಂಪನೀ ಪರದೆ ಮುಂದ ಭೀಮ ಬಂದು ನಿಂತಂಗ ನಿಲ್ಲಿಸೇನಿ. ಸಾಹೇಬಗ ಭಾಳ ಮನಸಿಗೆ ಬಂದೈತಿ. ಹೆಸರು ಮಾತ್ರ ಹಾಕಂಗಿಲ್ಲ. ಹತ್ತಿ ಕಲಿಯಾಕ ಬಂದವ ಬ್ಯಾರೆ ಕೆಲಸಾ ಮಾಡ್ಯಾನ ಅಂತ ಗೊತ್ತಾದ್ರ ಊರಿಗೆ ಕಳಸ್ತಾರ.’

ಓದಿ ಮಡಿಸಿಟ್ಟೆ. “ನೋಡವಾ, ನಮ್ಮ ಕಡೆ ಮಂದಿ ಪತ್ರದಾಗ ಏನ ಬೇಕಾದ್ದು ಬರೀತಾರ. ನಮ್ಮ ಸೋದರಮಾವ ಮುಂಬೈ ಹೋಟೆಲಿನ್ಯಾಗ ಎಲಿ ಎತ್ತಿಕೋಂತ, ಮ್ಯಾನೇಜರ್ ಆಗೇನಿ ಅಂತ ಹನ್ನೆರಡು ವರ್ಷ ಬರದ.”

“ಆದ್ರೆ ನಿಮ್ಮ ಮಾವ ನಾರ್ದರ್ ಹೆಸರು ಬರೀಲಿಲ್ಲ ಅಲ್ವಾ ಅಂಕಲ್?”

“ಪತ್ರ ಬಿಡು. ಚಿತ್ರದಾಗ ತೋರಿಸು. ಇದು ಹಾಲ್‌ಬ್ರುಕ್ ಗೆರಿ ಅಲ್ಲ ಅಂತ ಒಂದು ಗೆರಿ ತೋರಿಸು.”

“ತೋರಿಸ್ಲಿಕ್ಕೆ ಒಳಗಿನ ಪುಟ ಬೇಕಲ್ಲ ಮಾರಾಯ್ರೆ. ಒಳ್ಳೆ ಪ್ರತಿಗಳೆಲ್ಲ ನಿಮ್ಮಲ್ಲೇ ಉಂಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಆಗಿ. ನೀವೇ ಒಳಗೆ ನೋಡಿ ಎಷ್ಟು ವರ್ಷ ಆಯ್ತು?”

ನಾನು ಕಾಫಿ ಕುಡಿದೆ. ಕೆಟ್ಟದಾಗಿತ್ತು.

ಅವಳಿಗೇನು ಗೊತ್ತು. ದರ್ಜೆ ಹಾಕಿಸಿ ಸೀಲ್ ಮಾಡಿದ ಕಾಮಿಕ್ಸನ್ನು ತೆರೆಯಬಾರದು. ಡಬ್ಬಿ ಒಡೆದರೆ ದರ್ಜೆ ಹೋಯಿತು, ಬೆಲೆಯೂ ಹೋಯಿತು. ಗೋಡೆಗೆ ಒರಗಿಸಿ ಮುಖಪುಟ ನೋಡಬೇಕು, ಅದೇ ಕ್ರಮ. ಇಡೀ ವ್ಯಾಪಾರ ನಡೆಯುವುದೇ ಹಾಗೆ.

ಆದರೂ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬಂದೆ, ಕಾರಿನಲ್ಲಿ, ಗಟ್ಟಿಯಾಗಿ.

ಸೆಪ್ಟೆಂಬರ್ 18, ಗುರುವಾರ

ಮಾರ್ಗರೆಟ್ ಫೋನ್ ಮಾಡಿದ್ದಳು. “ಶ್ರೀ, ಆಸ್ಟಿನ್‌ನ ಹುಡುಗಿ ನನಗೂ ಬರೆದಿದ್ದಾಳೆ. ಅಪ್ಪನ ಹೆಸರು ನಿನ್ನ ಕೈಯಲ್ಲಿ ಕ್ಷೇಮವಾಗಿದೆ ತಾನೆ?” ಎಂದಳು. ಬ್ಯಾಂಕಿನಲ್ಲಿಟ್ಟಷ್ಟು ಎಂದೆ.

ಬರಿಯ ಮಾತಿನಿಂದ ಆ ಹುಡುಗಿ ಸೋಲುವವಳಲ್ಲ. ಎಣಿಸಿ ತೋರಿಸಬೇಕು. ನನ್ನ ಅಂಗಡಿಯ ಹಿಂದೆ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಹರಕು ಪ್ರತಿಗಳ ಪೂರ್ತಿ ಸೆಟ್ ಇದೆ, ಇಲಿಯೂ ಬೇಡವೆಂದು ಬಿಟ್ಟದ್ದು. ಮುಖ ಯಾರು ಬೇಕಾದರೂ ನಕಲು ಮಾಡುತ್ತಾರೆ, ಕೈ ಬರೆಯುವ ರೀತಿ ಮಾತ್ರ ಅವರವರದೇ. ನೂರಾ ಎರಡೂ ಸಂಚಿಕೆಗಳಲ್ಲಿ ನಾರ್ದರ್‌ನ ಕೈ ಒಂದೇ ಥರ ಇದೆ ಎಂದು ತೋರಿಸಿದರೆ ಬರೆದವನೂ ಒಬ್ಬನೇ ಎಂದಾಯಿತು. ಅಣ್ಣಾಸಾಹೇಬ ಹತ್ತಿ ನೋಡಿಕೊಂಡಿರಲಿ.

ಸೆಪ್ಟೆಂಬರ್ 28, ಭಾನುವಾರ

ಹತ್ತು ದಿನದಿಂದ ಕೈಗಳನ್ನು ಬಿಟ್ಟು ಬೇರೆ ಏನೂ ಕಂಡಿಲ್ಲ. ಕಾಸ್ಟ್‌ಕೋದಲ್ಲಿ ಬಿಲ್ ಮಾಡುವವಳ ಬೆರಳನ್ನೇ ನೋಡುತ್ತ ನಿಂತಿದ್ದೆನೆಂದು ಹೆಂಡತಿ ವಿಜಯಾ ತಿವಿದಳು.

ಉದ್ದನೆಯ ನೋಟ್‌ಬುಕ್ಕಿನಲ್ಲಿ ಅಂಕಣ ಹಾಕಿದ್ದೇನೆ. ಮುಷ್ಟಿ, ಎತ್ತಿ ಹಿಡಿದದ್ದು, ಬೆರಳು ತೋರಿಸಿದ್ದು, ಕೊಟ್ಟದ್ದು, ತೆಗೆದುಕೊಂಡದ್ದು. ಪ್ರತಿಯೊಂದಕ್ಕೂ ಎಡ, ಬಲ. ಮೊದಲ ನಲವತ್ಮೂರು ಸಂಚಿಕೆಯಲ್ಲಿ ಎಡಗೈಯಿಂದ ಕೊಟ್ಟದ್ದು, ತೆಗೆದುಕೊಂಡದ್ದು ಸೇರಿ ತೊಂಬತ್ತೇಳು. ನಲವತ್ನಾಲ್ಕರಿಂದ, ಅಂದರೆ 1953ರ ಮಾರ್ಚಿನಿಂದ ಎಂಬತ್ತೊಂದರವರೆಗೆ ಕೊಡುವ ತೆಗೆದುಕೊಳ್ಳುವ ಚಿತ್ರಚೌಕಗಳು ಇನ್ನೂರ ಹದಿನಾಲ್ಕು. ಎಡಗೈ ಸೊನ್ನೆ.

ಸೊನ್ನೆ ಅಂದರೆ ಎಣಿಸಿದವನ ತಪ್ಪು. ನಾಳೆ ಮೊದಲಿನಿಂದ.

ಸೆಪ್ಟೆಂಬರ್ 30, ಮಂಗಳವಾರ

ಮತ್ತೆ ಸೊನ್ನೆ.

ವಿಜಯಾ ಅವಲಕ್ಕಿ ತಂದಿಟ್ಟು ನೋಟ್‌ಬುಕ್ಕಿನ ಮೇಲೆ ಬಗ್ಗಿದಳು. “ಏನ್ರೀ ಇದು, ಈ ಸಾಲು ಪೂರ್ತಿ ಖಾಲಿ?”

“ಎಡಗೈಲೆ ಕೊಡೂದು, ತಗೊಳ್ಳೂದು. ಒಂದೂ ಸಿಗವಲ್ದು. ಎಲ್ಲೋ ತಪ್ಪೀನಿ.”

“ಎಡಗೈಯಲ್ಲಿ ಯಾರಾದ್ರೂ ಕೊಡ್ತಾರೇನ್ರೀ? ಸರಿಯಾಗೇ ಇದೆಯಲ್ಲ.”

ಎಂದು ಒಲೆಯ ಮೇಲಿಟ್ಟದ್ದು ನೆನಪಾಗಿ ಹೋಗಿಬಿಟ್ಟಳು. ಮೈಸೂರಿನವರು ಹೀಗೇ, ಬಾಂಬು ಇಟ್ಟು ಒಗ್ಗರಣೆಗೆ ಹೋಗುತ್ತಾರೆ.

ನಾನು ನಲವತ್ತೆಂಟನೇ ಸಂಚಿಕೆ ತೆಗೆದೆ. ಅದರಲ್ಲೊಂದು ಚೌಕವಿದೆ. ನಾರ್ದರ್ ಬಲಗೈಯಲ್ಲಿ ಒಂದು ಕಾರನ್ನು ಎತ್ತಿ ಹಿಡಿದಿದ್ದಾನೆ, ಎಡಗೈ ಖಾಲಿ. ಮುದುಕಿಯೊಬ್ಬಳು ಕಾಗದ ಚಾಚುತ್ತಾಳೆ. ಮುಂದಿನ ಚೌಕದಲ್ಲಿ ಅವನು ಕಾರನ್ನು ಮೆಲ್ಲಗೆ ರಸ್ತೆಗಿಳಿಸುತ್ತಾನೆ. ಅದರ ಮುಂದಿನದರಲ್ಲಿ ಬಲಗೈಯಿಂದ ಕಾಗದ ತೆಗೆದುಕೊಳ್ಳುತ್ತಾನೆ. ಕೈಪಿಡಿಯಲ್ಲಿ ನಾನು ಇದಕ್ಕೆ ‘ಕಥೆಯ ಓಟಕ್ಕೆ ತಡೆಯಾಗುವ ಅನಗತ್ಯ ಚೌಕ’ ಎಂದು ಷರಾ ಬರೆದಿದ್ದೇನೆ.

ಕಾರು ಕೆಳಗಿಟ್ಟು ಹಿರಿಯರಿಂದ ಕಾಗದ ತೆಗೆದುಕೊಳ್ಳುವ ಸೂಪರ್‌ಹೀರೋ. ಇಪ್ಪತ್ತೆರಡು ವರ್ಷ ನೋಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇರೆ ಯಾವ ವ್ಯಾಪಾರಿಗೆ ಕಾಣದಿದ್ದರೂ ನಡೆಯುತ್ತಿತ್ತು. ಅವರ ಮನೆಯಲ್ಲಿ ಎಡಗೈ ಚಾಚಿದರೆ ಮಣಿಕಟ್ಟಿನ ಮೇಲೆ ಹೊಡೆಯುವ ಅವ್ವ ಇರಲಿಲ್ಲ.

ಅವಲಕ್ಕಿ ತಣ್ಣಗಾಯಿತು. ಹುಡುಗಿಗೆ ಇದೊಂದೂ ತಿಳಿಯಕೂಡದು.

ಅಕ್ಟೋಬರ್ 3, ಶುಕ್ರವಾರ

ಗೆದ್ದೆ!

ಅಣ್ಣಾಸಾಹೇಬ 1956ರ ವಸಂತದಲ್ಲಿ ಊರಿಗೆ ಹೊರಟುಹೋದ, ಅವಳ ಪತ್ರಗಳೇ ಹೇಳುತ್ತವೆ. ಅಂದರೆ ಎಂಬತ್ತೆರಡನೇ ಸಂಚಿಕೆಯಿಂದ ಅವನ ಕೈ ಇಲ್ಲ. ಆದರೆ ಎಡಗೈ ಆಗಲೂ ಸುಮ್ಮನಿದೆ! ಕೊನೆಯ ಇಪ್ಪತ್ತೊಂದು ಸಂಚಿಕೆಯಲ್ಲಿ ಕೊಟ್ಟು ತೆಗೆದುಕೊಂಡದ್ದು ನೂರಾ ಹದಿನೆಂಟು, ಎಡಗೈಯಿಂದ ಬರೇ ಎರಡು. ಆಸಾಮಿ ಗದಗಿನಲ್ಲಿ, ಚಾಳಿ ಡಲ್ಲಾಸಿನಲ್ಲಿ. ಹಾಗಾದರೆ ಇದು ಗದಗಿನ ಚಾಳಿಯೇ ಅಲ್ಲ, ಹಾಲ್‌ಬ್ರುಕ್‌ನದೇ ಎಂದಾಯಿತು.

ತಡೆಯಲಾಗಲಿಲ್ಲ. ಫೋನ್ ಮಾಡಿ ಅಂಕಿಗಳನ್ನೆಲ್ಲ ಓದಿ ಹೇಳಿದೆ. ಆ ಕಡೆ ಅವಳು ಅವನ್ನು ಬರೆದುಕೊಳ್ಳುವ ಸದ್ದು. ಸೋತವರ ಬರವಣಿಗೆ ಎಂದುಕೊಂಡು ಸವಿದೆ.

“ಅಂಕಲ್,” ಎಂದಳು ಕೊನೆಗೆ, “ಎಡಗೈ ವಿಷಯ ನಂಗೆ ಗೊತ್ತೇ ಇರ್ಲಿಲ್ಲ.”

ನಾನು ನೋಟ್‌ಬುಕ್ ಮುಚ್ಚಿದೆ.

“ಮತ್ತೆ ಅಂಕಲ್, ಅವನು ಹೋದ ಮೇಲೂ ಹಾಗೇ ಉಂಟು ಅಂದ್ರೆ, ಉಳಿದವರೆಲ್ಲ ಅವನನ್ನು ನೋಡಿ ಬರೀಲಿಕ್ಕೆ ಕಲ್ತಿದ್ದಾರೆ ಅಲ್ವಾ? ಯಾಕೆ ಅಂತ ಗೊತ್ತಿಲ್ಲದೆ, ನಿಂತ ಹಾಗೆ, ಕೈ ಇಟ್ಟ ಹಾಗೆ, ಹಾಗ್ಹಾಗೇ ತೆಗೆದಿದ್ದಾರೆ. ಇಡೀ ಪ್ರಕಾಶನ! ನೀವು ಎಂಥ ದೊಡ್ಡ ವಿಷಯ ಹಿಡಿದಿದ್ದೀರಿ ಮಾರಾಯ್ರೆ!”

ಫೋನ್ ಇಟ್ಟೆ. ಮೂವತ್ತೊಂದು ವರ್ಷ ಈ ಬಾಯಿಂದಲೇ ಬದುಕಿದ್ದೇನೆ. ಇವತ್ತು ಅದೇ ಬಾಯಿ ನನ್ನ ಮನೆಗೆ ಬೆಂಕಿ ಹಚ್ಚಿ ಬಂತು.

ಅಕ್ಟೋಬರ್ 11, ಶನಿವಾರ. ಹೂಸ್ಟನ್

ಒಂದು ದಾರಿ ಉಳಿದಿತ್ತು. ಹಾಲ್‌ಬ್ರುಕ್ ತಾನೇ ಬಲಗೈಗೆ ಬದಲಾಯಿಸಿದ ಎಂಬುದಕ್ಕೆ ಏನಾದರೂ ಕಾಗದ ಸಿಕ್ಕೀತೇ ಎಂದು ಮಾರ್ಗರೆಟ್ ಮನೆಗೆ ಹೋದೆ. ತೈಲ ಕಚೇರಿಗಳ ಎನರ್ಜಿ ಕಾರಿಡಾರ್ ದಾಟಿ ದೊಡ್ಡ ಓಕ್ ಮರಗಳ ಬೀದಿ. ಗಂಡ ತೈಲ ಕಂಪನಿಯಿಂದ ನಿವೃತ್ತ. ಐಸ್ ತುಂಬಿದ ಟೀ ಕೊಟ್ಟಳು. ಗೋಡೆಯ ಮೇಲೆ ಅಪ್ಪನ ಫೋಟೊ, ಮೇಜಿನ ಮುಂದೆ, ಕೈಯಲ್ಲಿ ಕುಂಚ. ನೂರು ಸಲ ನೋಡಿದ ಫೋಟೊ. ಕುಂಚ ಎಡಗೈಯಲ್ಲಿದೆ.

“ಅಪ್ಪ ಎಡಚರು. ನಿನಗೆ ಗೊತ್ತಿರಲಿಲ್ಲವೆ?” ಎಂದಳು.

ಫೋಲ್ಡರುಗಳನ್ನು ತಂದಿಟ್ಟು ಅವಳು ಫೋನಿಗೆ ಎದ್ದು ಹೋದಳು. ನಾನು ಎಂದಿನ ಅಭ್ಯಾಸದಂತೆ ಒಂದೊಂದನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಹೋದೆ. ನಾಲ್ಕನೆಯ ಫೋಲ್ಡರಿನಲ್ಲಿ ಒಂದು ದಪ್ಪ ಹಾಳೆ. ನಾರ್ದರ್‌ನ ಹನ್ನೆರಡು ಭಂಗಿ: ಬಂದು ನಿಲ್ಲುವುದು, ಕೊಡುವುದು, ತೆಗೆದುಕೊಳ್ಳುವುದು, ಮಗುವನ್ನು ಇಳಿಸುವುದು. ಎಲ್ಲ ಎದುರುಮುಖ. ಕೇಪಿನ ನೆರಿಗೆ ಎಣಿಸಬಹುದಿತ್ತು, ಎಣಿಸಿದೆ, ಒಂಬತ್ತು. ಕೆಳಗೆ ಸಂಪಾದಕ ಟೈಪ್ ಮಾಡಿಸಿದ ಆದೇಶ. ಫೆಬ್ರವರಿ 1953.

‘ಇನ್ನು ಮುಂದೆ ಎಲ್ಲ ಚಿತ್ರಕಾರರೂ ಹೊಸಬನು ಬರೆದ ಈ ಭಂಗಿಗಳನ್ನೇ ಅನುಸರಿಸತಕ್ಕದ್ದು. ವೇಡ್, ನೀನೂ.’

ಹಾಲ್‌ಬ್ರುಕ್ 1949ರಿಂದ ಅಲ್ಲಿದ್ದವನು. ಅವನು ಹೊಸಬನಾಗುವುದು ಹೇಗೆ?

ಮಾರ್ಗರೆಟ್ ಬಾಗಿಲಲ್ಲಿ ನಿಂತಿದ್ದಳು. ನಾನು ಓದಿದ್ದನ್ನು ಅವಳು ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ.

“ಅದೊಂದು ಪ್ರದರ್ಶನಕ್ಕೆ ಬೇಡ, ಶ್ರೀ.”

“ನಿನಗೆ ಮೊದಲೇ ಗೊತ್ತಿತ್ತು.”

“ಅಪ್ಪ ಕೊನೆಯ ಇಪ್ಪತ್ತು ವರ್ಷ ಔಷಧಿ ಅಂಗಡಿಗಳ ಬೋರ್ಡು ಬರೆದರು. ಅವರಿಗೆ ಹೇಳಿಕೊಳ್ಳಲು ಇದೊಂದೇ ಇದ್ದದ್ದು.” ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ನಿನ್ನ ಬಗ್ಗೆಯೂ ಯೋಚಿಸು. ಜನ ಏನೆನ್ನುತ್ತಾರೆ? ನಿಮ್ಮವನೊಬ್ಬ ಹೋಗಿ ನಿಮ್ಮವನನ್ನೇ ಹುಡುಕಿ ತಂದ ಎನ್ನುತ್ತಾರೆ.”

ನಾನೇ ಒಂದು ತಿಂಗಳಿಂದ ನನಗೆ ಹೇಳಿಕೊಳ್ಳುತ್ತಿದ್ದ ಮಾತು. ಅವಳ ಬಾಯಿಂದ ಕೇಳಿದಾಗ ಕಿವಿ ಬಿಸಿಯಾಯಿತು. ಟೀಗೆ ಥ್ಯಾಂಕ್ಸ್ ಹೇಳಿ ಎದ್ದೆ.

ಅಕ್ಟೋಬರ್ 12, ಭಾನುವಾರ. ಮಿಸೌರಿ ಸಿಟಿ

ಹೂಸ್ಟನ್ ಪಕ್ಕದಲ್ಲೇ ಇರುವ ವಿಜಯಾಳ ತಂಗಿ ತುಳಸಿಯ ಮನೆಯಲ್ಲಿ ಉಳಿದೆ. ಇಡ್ಲಿ. ಗಟ್ಟಿಯಾಗಿತ್ತು, ಬೈಯಲಿಲ್ಲ. “ಭಾವನಿಗೆ ಹುಷಾರಿಲ್ವಾ?” ಎಂದು ಮೂರು ಜನ ಕೇಳಿದರು.

ಅಕ್ಟೋಬರ್ 17, ಶುಕ್ರವಾರ. ಫ್ರಿಸ್ಕೋ

ದೃಢೀಕರಣ ಪತ್ರವನ್ನು ಗ್ರಂಥಾಲಯಕ್ಕೆ ಕಳಿಸಿದೆ. ನಲವತ್ತರಲ್ಲಿ ಇಪ್ಪತ್ತಾರು ಮೂಲಚಿತ್ರ ಅಣ್ಣಾಸಾಹೇಬನವು. ಒಂಬತ್ತು, ಅವನ ಭಂಗಿಹಾಳೆ ನೋಡಿ ಹಾಲ್‌ಬ್ರುಕ್ ಬರೆದವು. ಐದು, ಅದಕ್ಕೂ ಮೊದಲಿನ ಹಾಲ್‌ಬ್ರುಕ್. ಜೊತೆಗೆ ಎಣಿಕೆಯ ಹನ್ನೊಂದು ಪುಟ, ಹಾಳೆಯ ಫೋಟೊ. ಒಂದು ಪ್ರತಿ ಮಾರ್ಗರೆಟ್‌ಗೂ ಕಳಿಸಿದೆ. ಹಿಂದಿನಿಂದ ಚುಚ್ಚುವ ಅಭ್ಯಾಸ ನನಗಿಲ್ಲ.

ಇದು ಆ ಹುಡುಗಿಯ ಮೇಲಿನ ಮಮತೆಯಿಂದ ಮಾಡಿದ್ದಲ್ಲ ಎಂದು ಇಲ್ಲಿ ಬರೆದಿಡುತ್ತೇನೆ. ಅಣ್ಣಾಸಾಹೇಬನ ಮೇಲೆ ಅಭಿಮಾನವೂ ಇಲ್ಲ. ನನ್ನ ನಾಲ್ಕು ಆವೃತ್ತಿಗಳನ್ನು ರದ್ದಿ ಮಾಡಿದವನ ಮೇಲೆ ಯಾರಿಗೆ ಬರುತ್ತದೆ? ನನ್ನ ಎಣಿಕೆಯನ್ನು ನಿಶಿತಾ ತನ್ನ ಪ್ರಬಂಧದಲ್ಲಿ ಹಾಕಿಕೊಳ್ಳುವ ಮೊದಲು ನನ್ನ ಹೆಸರಿನಲ್ಲಿ ಹೊರಬರಲಿ ಎಂದು, ಅಷ್ಟೆ.

ಅವಳು ಫೋನ್ ಮಾಡಿ ಅತ್ತಳು. ಸಹಿಸಲಾಗದ ಹುಡುಗಿ. ಊಟ ಮಾಡಿದೆಯೇನವಾ ಎಂದು ಕೇಳಿ ಇಟ್ಟೆ.

ಅಕ್ಟೋಬರ್ 24, ಶುಕ್ರವಾರ

ಮಾರ್ಗರೆಟ್ ನಲವತ್ತೂ ಚಿತ್ರಗಳನ್ನು ಹಿಂತೆಗೆದುಕೊಂಡಳು. ನನಗೆ ಒಂದು ಸಾಲು: ‘ನಿನ್ನನ್ನು ನಮ್ಮ ಮನೆಯವನೆಂದು ತಿಳಿದಿದ್ದೆ.’

ಸುದ್ದಿ ಡಲ್ಲಾಸ್ ವ್ಯಾಪಾರಿಗಳ ಗುಂಪಿಗೂ ಮುಟ್ಟಿತು. ಕಾಮಿಕ್ಸ್ ಸಂತೆಗಳಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತ ಒಬ್ಬ ಹಾಕಿದ ಮಾತು: ‘ಮುಂದಿನ ವಾರ ಶ್ರೀ ಹೇಳುತ್ತಾನೆ, ನಮ್ಮ ಕೌಬಾಯ್‌ಗಳೂ ಬಾಂಬೆಯವರು.’ ಹದಿನೇಳು ಜನ ನಕ್ಕಿದ್ದಾರೆ. ಅವರಲ್ಲಿ ಆರು ಜನ ನಮ್ಮ ಮನೆಯಲ್ಲಿ ಹೋಳಿಗೆ ತಿಂದವರು.

ಅಕ್ಟೋಬರ್ 29, ಬುಧವಾರ

ನಿಶಿತಾ ಫೋನ್. “ಗೋಡೆ ಖಾಲಿ ಅಂಕಲ್. ಮುಖಪುಟದ ಪೋಸ್ಟರ್ ಮಾತ್ರ ಉಂಟು. ಪ್ರದರ್ಶನವೇ ಬೇಡ ಅಂತ ನಿಲ್ಲಿಸ್ತಾರೋ ಏನೋ. ನಿಮ್ಮ ಆ ಹರಕು ಪ್ರತಿಗಳನ್ನಾದ್ರೂ ಕೊಡ್ತೀರಾ?”

“ಅವನ್ನ ಗಾಜಿನ ಕೆಳಗ ಬಿಚ್ಚಿಟ್ಟರ ಪುಟ ಮುರದು ಕೈಗೆ ಬರ್ತಾವು. ಬಣ್ಣನೂ ಸತ್ತೈತಿ.”

“ಹಾಗಾದ್ರೆ ಆಯ್ತು ಬಿಡಿ.”

ಸೀಲ್ ಮಾಡಿದವನ್ನು ಅವಳು ಕೇಳಲಿಲ್ಲ. ಕೇಳಿದ್ದರೆ ಬೈದು ಹಗುರವಾಗುತ್ತಿದ್ದೆ. ಕೇಳದೆಯೇ ಇಟ್ಟುಬಿಟ್ಟಳು, ಚಾಲಾಕಿ.

ನವೆಂಬರ್ 8, ಶನಿವಾರ

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹನ್ನೆರಡು ಡಬ್ಬಿ ಸಾಲಾಗಿಟ್ಟೆ. ನಲವತ್ನಾಲ್ಕರಿಂದ ಐವತ್ತೈದು. ಇಡೀ ಟೆಕ್ಸಾಸಿನಲ್ಲಿ ಇಷ್ಟು ಶುದ್ಧ ಪ್ರತಿಗಳು ಇನ್ನೊಬ್ಬರ ಹತ್ತಿರ ಇಲ್ಲ. ಸ್ಕ್ರೂಡ್ರೈವರ್ ಮೂಲೆಗೆ ಇಟ್ಟು ಒತ್ತಿದೆ. ಪ್ಲಾಸ್ಟಿಕ್ ಸೀಳುವ ಸದ್ದಿಗೆ ವಿಜಯಾ ಓಡಿಬಂದಳು.

“ರೀ! ಮುಟ್ಟಬೇಡಿ ಅಂತ ಇಷ್ಟು ವರ್ಷ ನನಗೆ ಧೂಳು ಹೊಡೆಯೋಕೂ ಬಿಟ್ಟಿಲ್ಲ ನೀವು.”

“ಹಿಡ್ಕೋ. ಅಂಚು ಹಿಡ್ಕೋ. ಬೆರಳಿಗೆ ಎಣ್ಣಿ ಇಲ್ಲಲ್ಲ?”

ಒಂದೊಂದು ಡಬ್ಬಿಗೂ ಒಂದೊಂದು ಬೈಗುಳ ಖರ್ಚಾಯಿತು. ಮಾರ್ಗರೆಟ್, ಹೋಳಿಗೆಯ ಆರು ಜನ, ನಿಶಿತಾ, ಸತ್ತ ಸಂಪಾದಕ, ಹತ್ತಿ ಕಂಪನಿ. ಎಂಟಕ್ಕೆ ಬೈಗುಳ ಮುಗಿದವು, ಡಬ್ಬಿ ಇನ್ನೂ ನಾಲ್ಕು ಇದ್ದವು.

ನಲವತ್ನಾಲ್ಕರ ನಡುಪುಟ ತೆರೆದೆವು. ನೀಲಿ ಇನ್ನೂ ಒದ್ದೆಯಿದ್ದಂತೆ ಕಂಡಿತು. ಹರಕು ಪ್ರತಿಯಲ್ಲಿ ಬೂದು ಕಂಡದ್ದೆಲ್ಲ ನಿಜಕ್ಕೆ ನೇರಳೆ, ಅಂಚಿಗೆ ಸಣ್ಣ ಜರಿ. ಪುಟದ ತುಂಬ ಅವನೊಬ್ಬನೇ ನಿಂತಿದ್ದಾನೆ. ಸುತ್ತ ಡಲ್ಲಾಸಿನ ಕಟ್ಟಡಗಳು ಎರಡೂ ಕಡೆ ಸರಿದು ದಾರಿ ಬಿಟ್ಟಿವೆ.

“ಎಷ್ಟು ಚೆನ್ನಾಗಿ ಬಂದು ನಿಂತಿದಾನ್ರೀ,” ಎಂದಳು ವಿಜಯಾ.

ನಾನು ಈ ಪ್ರತಿಯನ್ನು ಕೊಂಡು ಹತ್ತೊಂಬತ್ತು ವರ್ಷ. ಮೊದಲ ಸಲ ಓದಿದೆ. ಅಂಗಡಿ ತೆರೆಯುವುದು ಮರೆತುಹೋಯಿತು.

ನವೆಂಬರ್ 14, ಶುಕ್ರವಾರ. ಆಸ್ಟಿನ್

ಉದ್ಘಾಟನೆ ಆಯಿತು. ಹನ್ನೆರಡು ಸಂಚಿಕೆ ಬಿಚ್ಚಿಟ್ಟ ಗಾಜಿನ ಮೇಜುಗಳು, ಗೋಡೆಯ ಮೇಲೆ ಪುಟಗಳ ದೊಡ್ಡ ಅಚ್ಚು. ಹೆಸರಿನ ಫಲಕಕ್ಕೆ ನಿಶಿತಾ ಮತ್ತು ನಾನು ಒಂದು ವಾರ ಜಗಳವಾಡಿದ್ದೆವು. ಹಾಲ್‌ಬ್ರುಕ್ ಹೆಸರು ಇರಲೇಬೇಕು ಎಂದು ನಾನು, ಚಿಕ್ಕದಾಗಿರಲಿ ಎಂದು ಅವಳು. ಕೊನೆಗೆ ಬಂದದ್ದು: ‘ಚಿತ್ರ: ಗದಗಿನ ಅಣ್ಣಾಸಾಹೇಬ. ಅವನನ್ನು ನೋಡಿ ಬರೆದವರು: ವೇಡ್ ಹಾಲ್‌ಬ್ರುಕ್ ಮತ್ತು ಕಾಟನ್‌ವುಡ್‌ನ ಎಲ್ಲರೂ.’ ಅಕ್ಷರ ಎರಡೂ ಸಾಲಿಗೆ ಒಂದೇ ಅಳತೆ. ಆ ಜಗಳ ನಾನು ಗೆದ್ದೆ.

ಮಾರ್ಗರೆಟ್ ಬರಲಿಲ್ಲ. ವ್ಯಾಪಾರಿಗಳ ಗುಂಪಿನಿಂದ ಒಬ್ಬನೂ ಇಲ್ಲ. ಆಸ್ಟಿನ್‌ನ ನಮ್ಮ ಕನ್ನಡದವರು ಮೂವತ್ತು ಜನ ಬಂದು, ಓದದೆ, ನಾರ್ದರ್ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, “ನಮ್ಮವರು ಎಲ್ಲಾ ಕಡೆ ಇದಾರೆ ನೋಡಿ!” ಎಂದು ಎದೆಯುಬ್ಬಿಸಿದರು. ಅಣ್ಣಾಸಾಹೇಬ ಎಲ್ಲಾ ಕಡೆ ಇರಲಿಲ್ಲ. ಒಂದು ಮಾಳಿಗೆಯಲ್ಲಿದ್ದ, ಸಂಜೆ ಹೊತ್ತು, ಹೆಸರಿಲ್ಲದೆ.

ಜನ ಕರಗಿದ ಮೇಲೆ ಒಬ್ಬ ಮುದುಕರು ಉಳಿದಿದ್ದರು. ಎಂಬತ್ತರ ಮೇಲಿನ ಬಿಳಿಯರು, ದೊಡ್ಡ ಟೋಪಿ ಕೈಯಲ್ಲಿ. ಚಿಕ್ಕವರಿದ್ದಾಗ ವೇಕೋದಲ್ಲಿ ಪ್ರತಿ ತಿಂಗಳೂ ನಾರ್ದರ್ ಕೊಳ್ಳುತ್ತಿದ್ದರಂತೆ. ಫಲಕವನ್ನು ನಿಧಾನವಾಗಿ ಓದಿ ನನ್ನತ್ತ ತಿರುಗಿದರು.

“ನೀವು ಇವರ ಸಂಬಂಧಿಕರೆ?”

“ಅಲ್ಲ,” ಎಂದೆ. “ಇವನು ಇರಲೇ ಇಲ್ಲ ಅಂತ ಇಪ್ಪತ್ತೆರಡು ವರ್ಷ ಬರೆದವನು ನಾನು.”

ಅವರು ನಗಲಿಲ್ಲ. “ಮೊದಲು ಗೊತ್ತಿರಲಿಲ್ಲವೇನೋ.”

“ಮೊದಲು ಗೊತ್ತಿರಲಿಲ್ಲ. ಹೇಳಿದ ಮೇಲೂ ಬೇಡವೆಂದೆ.”

“ಯಾಕೆ?”

ನಿಶಿತಾ ಎರಡು ಹೆಜ್ಜೆ ಆಚೆ ಕುರ್ಚಿ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಿದಳು. ಅವಳ ಎದುರಿಗೇ ಹೇಳಬೇಕಾಯಿತಲ್ಲ ಎಂಬ ಸಿಟ್ಟು ಇದನ್ನು ಬರೆಯುವಾಗಲೂ ಆರಿಲ್ಲ. ಬೇರೆ ಏನಾದರೂ ಹೇಳಬಹುದಿತ್ತು. ನನ್ನ ಬಾಯಿಗೆ ಬೇರೆ ಏನಾದರೂ ಎಂದೂ ಕಡಿಮೆ ಬಿದ್ದಿಲ್ಲ.

“ಹೆದರಿಕೆ,” ಎಂದೆ.